ಹಲ್ಲಿನ ಕಲೆ ಮತ್ತು ಮಕ್ಕಳ ಗ್ರಾಮಸಭೆ

ವಿಜಯಪುರ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳೂ ಇದಕ್ಕೆ ಹೊರತಲ್ಲ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಿತ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ವಿನಾಯಿತಿ. ಮೊದಲ ಪೆಟ್ಟು ಮಕ್ಕಳಿಗೆ. ಸುಮಾರು ಎಂಟು ವರ್ಷದವರೆಗೆ, ಶಾಶ್ವತ ಹಲ್ಲಿನ ಎನಾಮಲ್ ರೂಪುಗೊಳ್ಳುವಾಗ ಕುಡಿದ ನೀರು ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆಯಾಗಿ ಉಳಿಯುತ್ತದೆ. ಉಜ್ಜಿದರೆ ಅದು ಹೋಗದು. ಹಲ್ಲುಜ್ಜಿಲ್ಲವೆಂದು ಮಗುವನ್ನು ಬೈಯುವುದು ಅನ್ಯಾಯ.

ನೀರು ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆ ತಪ್ಪು. ನೀರು ಆವಿಯಾದಷ್ಟೂ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು ತಂದು, ಬೇಳೆ ಬೇಯಿಸಲು ಕೊಳವೆಬಾವಿಯ ನೀರನ್ನೇ ಬಳಸಿದರೆ ಅರ್ಧ ಲಾಭ ಅಲ್ಲೇ ಸೋರಿಹೋಗುತ್ತದೆ. ಅಂಗನವಾಡಿ ಮತ್ತು ಬಿಸಿಯೂಟದ ಅಡುಗೆಗೂ ಈ ಮಾತು ಸಲ್ಲುತ್ತದೆ. ಹಾಲು, ಎಳ್ಳಿನಂಥ ಸುಣ್ಣಾಂಶದ ಆಹಾರ ಒಂದಿಷ್ಟು ನೆರವಾದೀತು, ಆದರೆ ಒಳ್ಳೆಯ ನೀರಿಗೆ ಅದು ಬದಲಿಯಲ್ಲ.

ಭೀಮಾ ದಂಡೆಯ ಅಗರಖೇಡದಂಥ ಊರಿನಲ್ಲೂ ಈ ಪ್ರಶ್ನೆ ಎತ್ತಲು ಸರಿಯಾದ ಜಾಗ ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆ. ‘ನೀರು ಕೆಟ್ಟಿದೆ’ ಎಂಬ ದೂರು ಕಡತದಲ್ಲಿ ಮಲಗುತ್ತದೆ. ಯಾವ ಕೊಳವೆಬಾವಿ, ಪರೀಕ್ಷೆಯ ದಿನಾಂಕ, ಫ್ಲೋರೈಡ್ ಎಷ್ಟು ಎಂದು ಬರೆದ ಅರ್ಜಿಗೆ ಉತ್ತರ ಕೊಡಲೇಬೇಕಾಗುತ್ತದೆ. ಶಿಕ್ಷಕರು, ಆಶಾ ಕಾರ್ಯಕರ್ತೆಯರು, ನೀರು ಸಮಿತಿಯ ಸದಸ್ಯರು ಆ ಅಂಕಿ ಒದಗಿಸಬಹುದು. ಪ್ರಶ್ನೆ ಕೇಳುವುದನ್ನು ಮಾತ್ರ ಮಕ್ಕಳಿಗೇ ಬಿಡಬೇಕು, ನಡಾವಳಿಯಲ್ಲಿ ಅದು ದಾಖಲಾಯಿತೇ ಎಂದು ಹಿರಿಯರು ನೋಡಿಕೊಳ್ಳಬೇಕು.