ಅಗ್ನಿಸ್ಪರ್ಶವಿಲ್ಲದ ಆಹಾರ: ಲಾಭವೆಷ್ಟು, ನಷ್ಟವೆಷ್ಟು?

ಕೊಂಡಾಪುರದ ಸಸ್ಯೋದ್ಯಾನದಲ್ಲಿ ಮುಂಜಾನೆಯ ನಡಿಗೆ ಮುಗಿಸಿ ಹೊರಬರುವವರ ಮಾತುಕತೆಯಲ್ಲಿ ಈಗ ರಾಜಕೀಯಕ್ಕಿಂತ ಆಹಾರವೇ ಪ್ರಧಾನ ವಿಷಯ. ಒಬ್ಬರು ಅನ್ನವನ್ನು ಬಿಟ್ಟಿರುತ್ತಾರೆ, ಇನ್ನೊಬ್ಬರು ಹಾಲನ್ನು; ಮತ್ತೊಬ್ಬರು ಒಲೆಯನ್ನೇ ಬಿಟ್ಟಿರುತ್ತಾರೆ. ಬೂದುಗುಂಬಳದ ರಸ, ಗೋಧಿಹುಲ್ಲಿನ ರಸ, ಮೊಳಕೆ ಬರಿಸಿದ ಹೆಸರುಕಾಳು, ನೆನೆಸಿದ ಬಾದಾಮಿ, ಹಣ್ಣು, ಹಸಿಯ ತರಕಾರಿ, ಇಷ್ಟರಲ್ಲೇ ದಿನ ಕಳೆಯುವ ಈ ಪದ್ಧತಿಗೆ ‘ರಾ ವೀಗನ್’ ಆಹಾರವೆಂಬ ಹೆಸರು ರೂಢಿಗೆ ಬಂದಿದೆ. ಹಾಲು, ಮೊಸರು, ತುಪ್ಪ, ಮೊಟ್ಟೆ, ಮಾಂಸಗಳು ನಿಷಿದ್ಧ; ಸುಮಾರು 45 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದ ಯಾವ ಪದಾರ್ಥವೂ ನಿಷಿದ್ಧ.

ಇದನ್ನು ಕೇವಲ ಖಯಾಲಿಯೆಂದು ನಕ್ಕು ತಳ್ಳಿಹಾಕುವುದು ಉಚಿತವಲ್ಲ. ಬೀದರ, ಕಲಬುರಗಿ, ರಾಯಚೂರು, ಹುಬ್ಬಳ್ಳಿ, ಬೆಂಗಳೂರುಗಳಿಂದ ಉದ್ಯೋಗನಿಮಿತ್ತ ಇಲ್ಲಿಗೆ ಬಂದು, ಹಗಲಿರುಳೆನ್ನದೆ ಗಣಕಯಂತ್ರದ ಮುಂದೆ ಕುಳಿತು, ಹೊತ್ತಲ್ಲದ ಹೊತ್ತಿನಲ್ಲಿ ಹೋಟೆಲಿನ ಊಟ ತರಿಸಿ ಉಣ್ಣುವ ಗೃಹಸ್ಥನಿಗೆ ನಲವತ್ತರ ಹೊತ್ತಿಗೆ ಸಿಹಿಮೂತ್ರ ರೋಗವೋ ರಕ್ತದ ಒತ್ತಡವೋ ಅಂಟಿಕೊಳ್ಳುತ್ತದೆ. ಆಗ ಆತ ಜೀವನಕ್ರಮವನ್ನು ಬದಲಿಸಬೇಕೆಂದು ಹಂಬಲಿಸುವುದು ಸಹಜ, ಶ್ಲಾಘ್ಯ ಕೂಡ. ಆದರೆ ಬದಲಾವಣೆ ಎಷ್ಟು ದೂರ ಹೋಗಬೇಕೆಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಈ ವಿಚಾರ ಹೊಸದಲ್ಲ. ಇದರ ಅತಿ ಪ್ರಸಿದ್ಧ ಪ್ರಯೋಗವೊಂದಕ್ಕೆ ತೆಲುಗು ನಾಡಿನಲ್ಲಿಯೇ ಪ್ರೇರಣೆ ದೊರೆಯಿತೆಂಬುದು ಇಲ್ಲಿ ನೆಲೆಸಿದ ಕನ್ನಡಿಗರಿಗೆ ಆಸಕ್ತಿಯ ಸಂಗತಿ. 1929ರ ಬೇಸಿಗೆಯಲ್ಲಿ ಮಹಾತ್ಮಾ ಗಾಂಧಿಯವರು ಆಂಧ್ರ ಪ್ರವಾಸದಲ್ಲಿದ್ದಾಗ, ರಾಜಮಹೇಂದ್ರಿಯ ಗೋಪಾಲರಾವ್ ಎಂಬ ಪ್ರಕೃತಿ ಚಿಕಿತ್ಸಕರು ಬೇಯಿಸದ ಆಹಾರದ ಮಹಿಮೆಯನ್ನು ಅವರಿಗೆ ಮನವರಿಕೆ ಮಾಡಿಕೊಟ್ಟರು. ಗಾಂಧೀಜಿಯವರಿಗೂ ಇದು ಹಳೆಯ ಹಂಬಲವೇ. 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಆಶ್ರಮದಲ್ಲಿ ಹಾಲನ್ನು ತ್ಯಜಿಸಿದ್ದ ಅವರು, ತೀವ್ರ ಕಾಯಿಲೆಯ ತರುವಾಯ 1919ರಲ್ಲಿ ಕಸ್ತೂರಬಾ ಅವರ ಮಾತಿನಿಂದ ಮೇಕೆಯ ಹಾಲನ್ನು ಒಪ್ಪಿಕೊಂಡಿದ್ದರು. ಅದು ಅವರ ಮನಸ್ಸಿನಲ್ಲಿ ಮುಳ್ಳಾಗಿಯೇ ಉಳಿದಿತ್ತು. ಹಾಲಿಲ್ಲದೆ ಬದುಕುವ ದಾರಿ ಸಿಕ್ಕಿತೆಂದು ಅವರು ಪ್ರಯೋಗಕ್ಕೆ ಇಳಿದರು. ಎಂಟು ತೊಲ ಮೊಳಕೆ ಗೋಧಿ, ಎಂಟು ತೊಲ ಅರೆದ ಬಾದಾಮಿ, ಎಂಟು ತೊಲ ಕುಟ್ಟಿದ ಹಸಿಸೊಪ್ಪು, ಆರು ನಿಂಬೆಹಣ್ಣು, ಎರಡು ಔನ್ಸ್ ಜೇನು: ದಿನವೊಂದರ ಈ ಪ್ರಮಾಣವನ್ನು ಅವರೇ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗಸ್ಟ್ ತಿಂಗಳ ಹೊತ್ತಿಗೆ ಆಮಶಂಕೆ ಅವರನ್ನು ಹಾಸಿಗೆ ಹಿಡಿಸಿತು. ಮೇಕೆಯ ಹಾಲಿಗೆ ಮರಳಬೇಕಾಯಿತು. ಅದನ್ನೂ ಅವರು ಮರೆಮಾಚದೆ ಬರೆದರು.

ಆಮಶಂಕೆಗೆ ಹಸಿಯ ಆಹಾರವೇ ಕಾರಣವೆಂದು ಇಂದು ಯಾರೂ ಸಾಧಿಸಲಾರರು. ಆದರೆ ಆ ಪಟ್ಟಿಯನ್ನು ಈಗಿನ ಆಹಾರ ಕೋಷ್ಟಕಗಳೊಡನೆ ತಾಳೆ ನೋಡಿದರೆ ಸಂಗತಿ ಬೇರೆಯೇ ಆಗಿ ಕಾಣುತ್ತದೆ. ಒಂದು ತೊಲ ಸುಮಾರು 11.66 ಗ್ರಾಂ. ಇಡೀ ದಿನದ ಆಹಾರದಿಂದ ಸುಮಾರು 1000 ಕ್ಯಾಲರಿ ಶಕ್ತಿ, 30 ಗ್ರಾಂ ಆಸುಪಾಸಿನ ಸಸಾರಜನಕ ದೊರೆಯುತ್ತದೆ. ಅದರಲ್ಲಿಯೂ ಹೆಚ್ಚಿನ ಪಾಲು ಬಾದಾಮಿಯದು. ಕುಳಿತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2110 ಕ್ಯಾಲರಿ, 54 ಗ್ರಾಂ ಸಸಾರಜನಕ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಗಾಂಧೀಜಿಯವರದು ಹಗುರ ದೇಹವೆಂಬುದು ನಿಜ. ಅದನ್ನು ಕಳೆದರೂ ಕೊರತೆ ಉಳಿಯುತ್ತದೆ.

ಇನ್ನು ಲಾಭದ ಬಾಬತ್ತು. ಹಸಿಯ ತರಕಾರಿ ಹಣ್ಣುಗಳಲ್ಲಿ ನಾರು, ಪೊಟ್ಯಾಸಿಯಂ, ಸಿ ಜೀವಸತ್ವ ಹೇರಳ; ಉಪ್ಪು, ಕರಿದ ಎಣ್ಣೆ, ಸಕ್ಕರೆಗಳು ಅತ್ಯಲ್ಪ. ಹೊಟ್ಟೆ ಬೇಗ ತುಂಬುವುದರಿಂದ ತೂಕ ಇಳಿಯುತ್ತದೆ, ರಕ್ತದ ಕೊಬ್ಬು ತಗ್ಗುತ್ತದೆ, ಅನೇಕರಿಗೆ ರಕ್ತದ ಸಕ್ಕರೆಯೂ ಹತೋಟಿಗೆ ಬರುತ್ತದೆ. ಮೊದಲ ಮೂರು ತಿಂಗಳಲ್ಲಿ ಮೈ ಹಗುರಾಯಿತು, ಮಂಡಿನೋವು ಕಡಿಮೆಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಈ ಲಾಭದ ಬಹುಭಾಗ ಬಂದದ್ದು ಬಿಟ್ಟ ಪದಾರ್ಥಗಳಿಂದ, ಬೇಯಿಸದಿದ್ದುದರಿಂದಲ್ಲ. ಬೇಯಿಸಿದರೆ ಆಹಾರದಲ್ಲಿನ ‘ಜೀವಂತ ಕಿಣ್ವಗಳು’ ಸಾಯುತ್ತವೆ ಎಂಬ ವಾದವನ್ನು ಪದೇ ಪದೇ ಮುಂದಿಡಲಾಗುತ್ತದೆ. ಕಿಣ್ವಗಳೂ ಸಸಾರಜನಕಗಳೇ, ಒಲೆಯಿಂದ ತಪ್ಪಿಸಿಕೊಂಡವು ಜಠರದ ಆಮ್ಲದಲ್ಲಿ ಬಹುಮಟ್ಟಿಗೆ ಜೀರ್ಣವಾಗಿಬಿಡುತ್ತವೆ. ಶರೀರ ತನಗೆ ಬೇಕಾದ ಜೀರ್ಣಕಿಣ್ವಗಳನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಬೇಯಿಸುವಾಗ ಸಿ ಜೀವಸತ್ವ ನಷ್ಟವಾಗುವುದು ದಿಟ. ಆದರೆ ಗಜ್ಜರಿಯ ಕ್ಯಾರೋಟಿನ್, ಟೊಮೇಟೊದ ಲೈಕೋಪೀನ್‌ಗಳು ಬೆಂದು, ತುಸು ಎಣ್ಣೆಯೊಡನೆ ಸೇರಿದಾಗಲೇ ಶರೀರಕ್ಕೆ ಚೆನ್ನಾಗಿ ದಕ್ಕುತ್ತವೆ.

ದೀರ್ಘಕಾಲದ ಪರಿಣಾಮವನ್ನು ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯದ ಸಂಶೋಧಕರು ಅಭ್ಯಸಿಸಿದ್ದಾರೆ. 1999ರಲ್ಲಿ ಪ್ರಕಟವಾದ ವರದಿಯಲ್ಲಿ, ಸರಾಸರಿ ಮೂರುವರೆ ವರ್ಷಕ್ಕೂ ಮೇಲ್ಪಟ್ಟು ಹಸಿಯ ಆಹಾರದಲ್ಲಿದ್ದ 513 ಮಂದಿಯ ವಿವರವಿದೆ. ಗಂಡಸರು ಸುಮಾರು 10 ಕಿಲೋ, ಹೆಂಗಸರು 12 ಕಿಲೋ ತೂಕ ಕಳೆದುಕೊಂಡಿದ್ದರು. ಹೆಂಗಸರಲ್ಲಿ ನಾಲ್ಕರಲ್ಲೊಬ್ಬರ ತೂಕ ಆರೋಗ್ಯದ ಮಟ್ಟಕ್ಕಿಂತ ಕೆಳಗಿಳಿದಿತ್ತು. 45 ವರ್ಷದೊಳಗಿನವರಲ್ಲಿ ಶೇಕಡಾ 30ರಷ್ಟು ಮಂದಿಗೆ ಋತುಸ್ರಾವ ಏರುಪೇರಾಗಿತ್ತು, ಇಲ್ಲವೇ ನಿಂತೇಹೋಗಿತ್ತು. 2005ರ ಮತ್ತೊಂದು ವರದಿ 201 ಮಂದಿಯ ರಕ್ತಪರೀಕ್ಷೆಯದು. ಹಾನಿಕರ ಕೊಬ್ಬು ಅವರಲ್ಲಿ ಕಡಿಮೆಯಿತ್ತು, ಇದು ಸಂತೋಷದ ಅಂಶ. ಆದರೆ ಶೇಕಡಾ 38 ಮಂದಿಗೆ ಬಿ-12 ಜೀವಸತ್ವದ ಕೊರತೆಯಿತ್ತು. ಅವರಲ್ಲಿ ಎಲ್ಲರೂ ಹಾಲು ಮಾಂಸಗಳನ್ನು ಪೂರ್ತಿ ಬಿಟ್ಟವರಲ್ಲ ಎಂಬುದನ್ನು ಗಮನಿಸಬೇಕು.

ಬಿ-12ರ ವಿಷಯದಲ್ಲಿ ತುಸು ನಿಲ್ಲುವುದು ಅಗತ್ಯ, ಏಕೆಂದರೆ ಮೋಸ ನಡೆಯುವುದು ಇಲ್ಲಿಯೇ. ಶರೀರಕ್ಕೆ ಇದು ದಿನಕ್ಕೆ ಎರಡು, ಎರಡೂವರೆ ಮೈಕ್ರೋಗ್ರಾಂ ಸಾಕು. ಆದರೆ ಸಸ್ಯಗಳಲ್ಲಿ ಇದು ವಿಶ್ವಾಸಾರ್ಹ ಪ್ರಮಾಣದಲ್ಲಿ ಇಲ್ಲ. ಸ್ಪಿರುಲಿನಾ ಪಾಚಿಯಲ್ಲಿ ಇದೆಯೆಂದು ಮಾರುತ್ತಾರೆ. ಅದರಲ್ಲಿರುವುದು ಬಹುಮಟ್ಟಿಗೆ ನಮ್ಮ ಶರೀರಕ್ಕೆ ಉಪಯೋಗವಾಗದ ಹುಸಿ ರೂಪ. ಹಾಲು ಮೊಸರು ಉಣ್ಣುವವನ ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟು ಬಿ-12 ಸಂಗ್ರಹವಿರುತ್ತದೆ. ಹಾಲನ್ನು ಬಿಟ್ಟ ದಿನದಿಂದ ಶರೀರ ಆ ಸಂಗ್ರಹದಿಂದ ತೆಗೆದು ಖರ್ಚು ಮಾಡತೊಡಗುತ್ತದೆ. ಹೊರಗೆ ಏನೂ ಕಾಣದು. ಮೂಲಧನವನ್ನೇ ಲಾಭಾಂಶವೆಂದು ಹಂಚುವ ಸಂಸ್ಥೆಯೂ ಮೊದಲ ಎರಡು ವರ್ಷ ಸುಸ್ಥಿತಿಯಲ್ಲಿರುವಂತೆಯೇ ತೋರುತ್ತದೆ. ನಮ್ಮ ಸಸ್ಯಾಹಾರಿಗಳಲ್ಲಿ ಅನೇಕರಿಗೆ ಆರಂಭದ ಸಂಗ್ರಹವೇ ತೆಳುವಾಗಿರುವುದರಿಂದ ಅವಧಿ ಇನ್ನೂ ಕಿರಿದಾಗುತ್ತದೆ.

ಕೊರತೆ ಸಾಮಾನ್ಯವಾಗಿ ರಕ್ತಹೀನತೆಯಾಗಿ ಗೋಚರಿಸುತ್ತದೆ. ಆದರೆ ಹಸಿಸೊಪ್ಪಿನಲ್ಲಿ ಹೇರಳವಾಗಿರುವ ಫೋಲಿಕ್ ಆಮ್ಲ ಆ ಲಕ್ಷಣವನ್ನು ಮರೆಮಾಡಬಲ್ಲದು. ರಕ್ತ ಚೆನ್ನಾಗಿಯೇ ಇದೆಯೆಂದು ನಂಬಿರುವಾಗ ಒಳಗೆ ನರಗಳು ಕೆಡುತ್ತಿರುತ್ತವೆ: ಅಂಗಾಲು ಜುಮುಗುಟ್ಟುವುದು, ಕತ್ತಲಲ್ಲಿ ನಡೆಯುವಾಗ ತೂಗಾಡುವುದು, ಮರೆವು, ಕಾರಣವಿಲ್ಲದ ಖಿನ್ನತೆ. ತಡವಾದರೆ ನರಗಳ ಹಾನಿ ಪೂರ್ತಿ ಸರಿಹೋಗದು. ಸಿಹಿಮೂತ್ರಕ್ಕೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರು ಇನ್ನೂ ಎಚ್ಚರದಿಂದಿರಬೇಕು, ಆ ಮಾತ್ರೆಯೂ ಬಿ-12 ಹೀರಿಕೆಯನ್ನು ತಗ್ಗಿಸುತ್ತದೆ. ಅಂಗಾಲಿನ ಉರಿಯನ್ನು ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದು ಸುಲಭ. ಸಕ್ಕರೆ ಇಳಿಸುವ ಇತರ ಕೆಲವು ಮಾತ್ರೆಗಳನ್ನು ಹಳೆಯ ಪ್ರಮಾಣದಲ್ಲೇ ಮುಂದುವರಿಸಿ ಊಟವನ್ನು ಮಾತ್ರ ಅರ್ಧಕ್ಕಿಳಿಸಿದವನು ರಸ್ತೆಯಲ್ಲಿ ಕುಸಿದು ಬೀಳುವ ಅಪಾಯವೂ ಉಂಟು. ಮೂತ್ರಪಿಂಡದ ತೊಂದರೆಯಿರುವವರಿಗೆ ಹಣ್ಣುತರಕಾರಿಗಳ ಪೊಟ್ಯಾಸಿಯಂ, ಪಾಲಕ್ ರಸದ ಆಕ್ಸಲೇಟ್ ಎರಡೂ ಹಗೆಗಳು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಸೇವಿಸುವವರು ದಿಢೀರನೆ ಸೊಪ್ಪನ್ನು ಹೆಚ್ಚಿಸಿದರೆ ಔಷಧದ ಬಲ ಕುಗ್ಗುತ್ತದೆ.

ವಯಸ್ಕನೊಬ್ಬ ತನ್ನ ಶರೀರದ ಮೇಲೆ ಪ್ರಯೋಗ ನಡೆಸುವುದು ಅವನ ಇಷ್ಟ. ಆದರೆ ನಮ್ಮ ಮನೆಗಳಲ್ಲಿ ಅಡುಗೆ ಒಂದೇ. ಯಜಮಾನ ಒಲೆ ಬಿಟ್ಟರೆ ಪತ್ನಿ, ಮಕ್ಕಳು, ಊರಿನಿಂದ ಬಂದ ಅತ್ತೆಮಾವಂದಿರೂ ತಮಗರಿಯದಂತೆ ಆ ಪದ್ಧತಿಗೆ ಸರಿಯುತ್ತಾರೆ. ಗರ್ಭಿಣಿಗೆ, ಹಾಲೂಡುವ ತಾಯಿಗೆ ಬಿ-12 ಇಲ್ಲದಿದ್ದರೆ ಕೊರತೆ ಶಿಶುವಿಗೂ ಇಳಿಯುತ್ತದೆ. ನಮ್ಮ ದೇಶದ ಶಿಶುವೈದ್ಯರು ಬಹುಕಾಲದಿಂದ ಬಲ್ಲ, ಮಗು ನಡುಗುತ್ತ, ಕಲಿತ ಚಟುವಟಿಕೆಗಳನ್ನು ಮರೆಯುತ್ತ ಹೋಗುವ ರೋಗವೊಂದಕ್ಕೆ ಈ ಕೊರತೆಯ ನಿಕಟ ಸಂಬಂಧವಿದೆ. ಬೆಳೆಯುವ ಮಗುವಿನ ಪುಟ್ಟ ಹೊಟ್ಟೆ ಹಸಿಯ ತರಕಾರಿಯಿಂದ ತುಂಬಿಬಿಡುತ್ತದೆ; ಬೆಳವಣಿಗೆಗೆ ಬೇಕಾದ ಶಕ್ತಿ ಅದರಲ್ಲಿರುವುದಿಲ್ಲ. ಈ ಪದ್ಧತಿ ಮಕ್ಕಳಿಗೆ ಸಲ್ಲದು. ಇದರಲ್ಲಿ ರಾಜಿಗೆ ಎಡೆಯಿಲ್ಲ.

ಇಲ್ಲಿ ಒಂದು ಭೇದವನ್ನು ಗುರುತಿಸಬೇಕು. ಹಾಲನ್ನು ಬಿಡುವುದು ಒಂದು ತ್ಯಾಗ, ಒಲೆಯನ್ನು ಬಿಡುವುದು ಇನ್ನೊಂದು. ಹಾಲನ್ನು ಮಾತ್ರ ಬಿಟ್ಟವನು ಬಿ-12 ಮಾತ್ರೆಯನ್ನು ತಪ್ಪದೆ ನುಂಗಿ, ರಾಗಿಮುದ್ದೆಯಿಂದ ಸುಣ್ಣಾಂಶವನ್ನೂ ತೊಗರಿ, ಕಡಲೆ, ಹುರುಳಿಗಳಿಂದ ಸಸಾರಜನಕವನ್ನೂ ಪಡೆದು ಸುಖವಾಗಿರಬಲ್ಲ. ಒಲೆಯನ್ನೂ ಬಿಟ್ಟವನಿಗೆ ರಾಗಿಯೂ ಇಲ್ಲ, ತೊಗರಿಯೂ ಇಲ್ಲ, ಜೋಳವೂ ಇಲ್ಲ. ಕಾಳುಗಳಲ್ಲಿ ಜೀರ್ಣಕ್ಕೆ ಅಡ್ಡಿಯಾಗುವ ಅಂಶಗಳನ್ನು ಬೇಯಿಸುವಿಕೆಯೇ ನಿವಾರಿಸುತ್ತದೆ. ರಾಜ್ಮಾದಂಥ ಕಾಳಂತೂ ಹಸಿಯಾಗಿ ವಿಷಪ್ರಾಯ.

ನಗರದ ಪರಿಸ್ಥಿತಿಯನ್ನೂ ಮರೆಯುವಂತಿಲ್ಲ. ಮೂಸಿ ನದಿಯ ಕೊಳಚೆ ನೀರಿನಲ್ಲಿ ಸೊಪ್ಪು ಬೆಳೆಯುವ ಹೊಲಗಳು ಹೈದರಾಬಾದಿನ ಸುತ್ತ ಇವೆ. ಬೇಯಿಸಿದರೆ ಸಾಯುವ ಕ್ರಿಮಿಗಳು, ಲಾಡಿಹುಳುವಿನ ಮೊಟ್ಟೆಗಳು ಹಸಿಸೊಪ್ಪಿನೊಡನೆ ನೇರವಾಗಿ ಹೊಟ್ಟೆ ಸೇರುತ್ತವೆ. ಮೊಳಕೆಯ ತೇವ ಮತ್ತು ಬೆಚ್ಚಗಿನ ವಾತಾವರಣ ಕಾಳಿಗೆ ಹಿತವಾದಂತೆ ಬ್ಯಾಕ್ಟೀರಿಯಾಗಳಿಗೂ ಹಿತ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಸೋಂಕು 50ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸೋರೆಕಾಯಿ ರಸದ ಕಥೆ ಇನ್ನೂ ಹತ್ತಿರದ್ದು. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಕಹಿ ಸೋರೆಯ ರಸ ಕುಡಿದು ಮೃತಪಟ್ಟ ಬಳಿಕ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿಯನ್ನು ನೇಮಿಸಿತು. ಚೂರು ಕತ್ತರಿಸಿ ರುಚಿ ನೋಡಬೇಕು, ಕಹಿಯಿದ್ದರೆ ಎಸೆಯಬೇಕು, ಬೇರೆ ರಸದೊಡನೆ ಬೆರೆಸಬಾರದು, ಕುಡಿದ ಮೇಲೆ ಹೊಟ್ಟೆ ತೊಳಸಿದರೆ ಕೂಡಲೇ ಆಸ್ಪತ್ರೆ ಸೇರಬೇಕು ಎಂಬುದು ಸಮಿತಿಯ ಸಲಹೆ. ಕಹಿಯಾದ ಪಲ್ಯವನ್ನು ನಮ್ಮ ಹೆಂಗಸರು ಬಾಯಿಗಿಟ್ಟೊಡನೆ ಚೆಲ್ಲುತ್ತಾರೆ. ಕಹಿಯಾದ ರಸವನ್ನು ಮಾತ್ರ ಔಷಧವೆಂದು ಮೂಗು ಹಿಡಿದು ಕುಡಿಯುವವರಿದ್ದಾರೆ.

ಹಾಗಾದರೆ ಹಸಿಯದು ಎಷ್ಟಿರಬೇಕು? ಕೊಂಡಾಪುರದಿಂದ ಒಂದು ಗಂಟೆಯ ದಾರಿಯ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಿದೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಆರಂಭಿಸಿದ ಪುಟ್ಟ ಪ್ರಯೋಗಶಾಲೆ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದುದು. 2024ರ ಅದರ ಮಾರ್ಗಸೂಚಿಯಂತೆ, 2000 ಕ್ಯಾಲರಿಯ ದಿನದ ಆಹಾರದಲ್ಲಿ 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು, 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 300 ಮಿಲಿಲೀಟರ್ ಹಾಲು ಮೊಸರು ಇರಬೇಕು. ಅನ್ನ ಸಾರಿನ ನಮ್ಮ ಎಷ್ಟೋ ಮನೆಗಳು ತರಕಾರಿಯ ಈ ಅಳತೆಯ ಅರ್ಧವನ್ನೂ ಮುಟ್ಟುವುದಿಲ್ಲ. ಹಸಿಯ ಆಹಾರದವರ ಟೀಕೆ ಇಲ್ಲಿ ನ್ಯಾಯವಾದುದೇ. ಗಾಂಧೀಜಿಯವರು 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯದ ಬಗ್ಗೆ ಬರೆದಾಗ, ದಿನಕ್ಕೆ ಎರಡು ಪೌಂಡ್ ಹಸುವಿನ ಹಾಲನ್ನು ಸೇರಿಸಿ, ಒಂಬತ್ತು ಔನ್ಸ್ ತರಕಾರಿಯಲ್ಲಿ ಹಸಿಯದಕ್ಕೆ ಒಂದು ಔನ್ಸ್ ಮಾತ್ರ ಇಟ್ಟರು. ಇಂದಿನ ದೃಷ್ಟಿಯಲ್ಲಿ ಅದು ತೀರ ಕಡಿಮೆಯೇ ಆಯಿತು.

ಹಸಿಯದನ್ನು ಬೇಯಿಸಿದುದರ ಪಕ್ಕದಲ್ಲಿಟ್ಟು ಉಣ್ಣುವುದನ್ನು ಕನ್ನಡಿಗರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ರಾಮನವಮಿಯ ಹೆಸರುಬೇಳೆ ಕೋಸಂಬರಿ, ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯೊಡನೆ ಕಚ್ಚಿ ತಿನ್ನುವ ಮೆಂತ್ಯದ ಸೊಪ್ಪು, ಮೂಲಂಗಿ, ಸವತೆಕಾಯಿ, ಉಳ್ಳಾಗಡ್ಡಿ, ಹತ್ತರಕಿ ಸೊಪ್ಪು, ಮೇಲೊಂದಿಷ್ಟು ಗುರೆಳ್ಳು ಚಟ್ನಿ, ಕಡೆಯಲ್ಲಿ ಮಜ್ಜಿಗೆ. ಹತ್ತರಕಿ ಸಿಗದಿದ್ದರೆ ಉಳಿದವು ಹೈದರಾಬಾದಿನ ಯಾವ ರೈತು ಬಜಾರಿನಲ್ಲಿಯೂ ಸಿಗುತ್ತವೆ. ಬೇರು ಕತ್ತರಿಸಿ, ಹರಿಯುವ ಕುಡಿಯುವ ನೀರಿನಲ್ಲಿ ಎಲೆ ಎಲೆಯನ್ನೂ ಬಿಡಿಸಿ ತೊಳೆದು, ಆ ಹೊತ್ತಿಗೆ ಬೇಕಾದಷ್ಟನ್ನೇ ಹೆಚ್ಚಿಕೊಳ್ಳಬೇಕು. ಮೊಳಕೆಕಾಳನ್ನು ಐದು ನಿಮಿಷ ಹಬೆಯಲ್ಲಿಟ್ಟರೆ ಭಯವಿಲ್ಲ. ಈಗಾಗಲೇ ಹಾಲನ್ನು ಬಿಟ್ಟು ವರ್ಷ ಕಳೆದವರು, ಅಂಗಾಲು ಜುಮುಗುಟ್ಟಲಿ ಬಿಡಲಿ, ಒಮ್ಮೆ ಬಿ-12 ರಕ್ತಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸುವುದನ್ನು ಮುಂದೂಡಬಾರದು.