ಅಗ್ರೀವ್ಡ್ ಅಂದರೆ ಯಾರು?

ಪ್ರಶ್ನೆ: ಹೊಲದ ಹಾದಿಯ ತಂಟೆಯಲ್ಲಿ ನಮಗೆ ವಿರುದ್ಧವಾಗಿ ಆದೇಶ ಬಂದಿದೆ. ‘ನೀವು ಅಗ್ರೀವ್ಡ್ ಪಾರ್ಟಿ, ಅಪೀಲು ಹಾಕಿ’ ಅಂದರು ವಕೀಲರು. ಹಾಗಂದರೆ ದುಃಖಪಟ್ಟವರು ಅಂತಲೇ?
– ಓದುಗರು, ನಿಲಂಗಾ

ಉತ್ತರ: ಬರೀ ದುಃಖ ಸಾಲದು. ಮಳೆ ಕೈಕೊಟ್ಟು ತೊಗರಿ ಒಣಗಿದರೆ ರೈತನಿಗೆ ದುಃಖ. ಬೆಳೆಹಾನಿಯ ಪಂಚನಾಮೆಯಲ್ಲಿ ಅವನ ಹೊಲವನ್ನೇ ಬಿಟ್ಟರೆ ಅವನು ಅಗ್ರೀವ್ಡ್. ನಿಮ್ಮ ಕಡೆ ‘ನನಗ ಅನ್ಯಾಯ ಆಗ್ಯಾದ’ ಅಂತಾರಲ್ಲ, ಅದು. ಮಾತುಕತೆಯ ಇಂಗ್ಲಿಷಿಗೆ ಅಷ್ಟು ಸಾಕು, ಕೋರ್ಟಿಗೆ ಸಾಲದು. ಕಾನೂನು ಒಪ್ಪಿದ ಹಕ್ಕಿಗೇ ಪೆಟ್ಟು ಬಿದ್ದಿರಬೇಕು. ಎದುರಾಳಿಯ ಹೊಸ ಚಿತ್ರಮಂದಿರಕ್ಕೆ ಪರವಾನಗಿ ಕೊಡಬಾರದೆಂದು ಟಾಕೀಸಿನ ಮಾಲೀಕರೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ವ್ಯಾಪಾರದಲ್ಲಿ ಪೈಪೋಟಿ ಬಂದ ಮಾತ್ರಕ್ಕೆ ನೀವು ಬಾಧಿತರಲ್ಲ ಎಂದು 1975ರಲ್ಲಿ ತೀರ್ಪಾಯಿತು. ನಿಮ್ಮದು ಹಾಗಲ್ಲ. ನೀವು ನಡೆದಾಡುವ ಹಾದಿಯೇ ಮುಚ್ಚುವಂತಿದ್ದರೆ ನೀವು ಬಾಧಿತರೇ. ಅಪೀಲಿಗೆ ಗಡುವು ಇರುತ್ತದೆ, ಆದೇಶದ ನಕಲು ಹಿಡಿದು ಇವತ್ತೇ ವಕೀಲರನ್ನು ಕಾಣಿರಿ.

ಪ್ರಶ್ನೆ: ಗ್ರೀವನ್ಸ್ ಅರ್ಜಿಯನ್ನು ಕನ್ನಡದಲ್ಲಿ ಬರೆದು ಕೊಟ್ಟೆ. ‘ಮರಾಠಿಯಲ್ಲಿ ತನ್ನಿ’ ಎಂದು ವಾಪಸು ಕಳಿಸಿದರು. ನನಗೆ ಕನ್ನಡವೇ ಸರಿಯಾಗಿ ಬರುವುದು.
– ಓದುಗರು, ಉಮರ್ಗಾ

ಉತ್ತರ: ವಾಪಸು ಕಳಿಸಿದ್ದು ತಪ್ಪು. ಅನ್ಯಾಯ ಹೇಳಿಕೊಳ್ಳುವ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ಈ ಸೀಮೆಯಲ್ಲಿ ಕನ್ನಡ ಬಳಕೆಯಲ್ಲಿಲ್ಲ ಎಂದು ಯಾರೂ ಹೇಳಲಾರರು.

ಎರಡು ಮಾತು ನೆನಪಿಡಿ. ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿಯ ನಿಯಮವೂ ಬೇರೆ: 2005ರ ಆ ಕಾಯ್ದೆಯಲ್ಲಿ ಇಂಗ್ಲಿಷ್, ಹಿಂದಿ, ಇಲ್ಲವೇ ಆ ಪ್ರದೇಶದ ಆಡಳಿತ ಭಾಷೆ, ಅಂದರೆ ನಿಮ್ಮಲ್ಲಿ ಮರಾಠಿ.

ಪ್ರಶ್ನೆ: ಕಚೇರಿಯ ಫಲಕದಲ್ಲಿ ‘ತಕ್ರಾರ್’ ಅಂತಿದೆ. ಅರ್ಜಿ ಕೊಟ್ಟರೆ ಜಗಳಗಂಟರು ಅಂದುಕೊಳ್ಳುವರೇ?
– ಓದುಗರು, ಉದಗೀರ

ಉತ್ತರ: ಖಂಡಿತ ಇಲ್ಲ. ಕನ್ನಡದ ‘ತಕರಾರು’ ಕಿವಿಗೆ ಜಗಳದಂತೆ ಕೇಳುತ್ತದೆ, ಮರಾಠಿಯಲ್ಲಿ ಅದು ದೂರು ಅಷ್ಟೇ. ಅಂಜದೆ ಕೊಡಿ. ಏನಾಯಿತು, ಯಾವತ್ತು, ಏನಾಗಬೇಕು, ಇಷ್ಟನ್ನು ಒಂದೇ ಪುಟದಲ್ಲಿ ಬರೆಯಿರಿ. ಕೆಲಸ ಬೇಗ ಆಗಲೆಂದರೆ ಮರಾಠಿ ಪ್ರತಿಯನ್ನೂ ಜೊತೆಗಿಡಿ. ಆವಕ ಕ್ರಮಾಂಕ ಹಾಕಿ ಸಿಕ್ಕೆ ಒತ್ತಿದ ಪಾವತಿ ಕೈಗೆ ಬರುವವರೆಗೆ ಟೇಬಲ್ ಬಿಟ್ಟು ಏಳಬೇಡಿ.