ನಂಟು ಬೆಳೆಸುವ ಮುನ್ನ

ಧರ್ಮಪುರದ ಹುಡುಗ ಹುಡುಗಿಯರೇ, ಮನೆಯಲ್ಲಿ ಮದುವೆ ಮಾತು ಎದ್ದರೆ ಹಿರಿಯರ ಕಣ್ಣು ಮೊದಲು ಹೋಗುವುದು ಅಕ್ಕನ ಮಗಳ ಮೇಲೆ, ಸೋದರಮಾವನ ಮಗನ ಮೇಲೆ. ಹೊಲ ಹೊರಗೆ ಹೋಗದು, ಹುಡುಗಿ ಕಣ್ಣೆದುರೇ ಇರುತ್ತಾಳೆ ಎಂಬ ಲೆಕ್ಕ. ಇದು ಹಳ್ಳಿಯ ಮಾತಷ್ಟೇ ಅಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ವಿಜ್ಞಾನಿಗಳು ವಿಚಾರಿಸಿದಾಗ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು.

ನಾವು ಹಿರಿಯರು ಆ ಲೆಕ್ಕದಲ್ಲಿ ಬಿಟ್ಟದ್ದೊಂದಿದೆ. ಜೀನುಗಳು ಜೋಡಿಯಾಗಿ ಬರುತ್ತವೆ, ಒಂದು ಅಪ್ಪನಿಂದ, ಇನ್ನೊಂದು ಅಮ್ಮನಿಂದ. ಥಲಸ್ಸೀಮಿಯಾ, ಸಿಕಲ್ ಸೆಲ್‌ನಂಥ ಕಾಯಿಲೆಗಳಲ್ಲಿ ಒಂದು ಕೆಟ್ಟರೂ ಇನ್ನೊಂದು ಸಂಭಾಳಿಸುತ್ತದೆ. ಕೆಟ್ಟ ಜೀನು ಹೊತ್ತವರಿಗೆ ಸಾಮಾನ್ಯವಾಗಿ ಅದು ಗೊತ್ತೇ ಆಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಅದನ್ನೇ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು. “ಒಂದು ಮಗುವಿಗೆ ಬಂತಲ್ಲ, ಇನ್ನು ಮೂರಕ್ಕೆ ಭಯವಿಲ್ಲ” ಎಂದು ನಂಬಬೇಡಿ. ಚೌಕಾಬಾರದ ಕವಡೆ ಹಿಂದಿನ ಗರವನ್ನು ನೆನಪಿಟ್ಟುಕೊಳ್ಳುವುದಿಲ್ಲ. ಸೋದರಮಾವ ಮತ್ತು ಅಕ್ಕನ ಮಗಳ ಜೀನುಗಳಲ್ಲಿ ಸರಾಸರಿ ಕಾಲು ಪಾಲು ಒಂದೇ ಬೇರಿನವು. ಕೆಟ್ಟದ್ದಕ್ಕೆ ಕೆಟ್ಟದ್ದೇ ಜೋಡಿಯಾಗುವ ಅಪಾಯ ಅಲ್ಲಿ ಹೆಚ್ಚು.

ಹಾಗೆಂದು ಎಲ್ಲವನ್ನೂ ಸೋದರಿಕೆಯ ತಲೆಗೆ ಕಟ್ಟಬೇಡಿ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕೀಲುಬೇನೆ ತಂದೆ ತಾಯಿಯರಲ್ಲಿ ಒಬ್ಬರಿಂದಲೇ ಮಗುವಿಗೆ ಇಳಿಯಬಲ್ಲದು. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾದ ಜೀನನ್ನು ತಾಯಿ ಹೊತ್ತಿದ್ದರೆ, ಪ್ರತಿ ಗಂಡುಮಗುವಿಗೂ ಸಂಭವ ಅರ್ಧಕ್ಕರ್ಧ. ವಂಶದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಕಾಣಿಸುವುದೂ ಉಂಟು. ಇಲ್ಲಿ ಶಾಪವೂ ಇಲ್ಲ, ಸೊಸೆಯ ಕಾಲ್ಗುಣವೂ ಇಲ್ಲ. ಕಾಯಿಲೆ ಬಂದವರ ಬದುಕು ಮುಗಿಯಿತೆಂದೂ ಅಲ್ಲ. ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾ ಇದ್ದೂ ವೈದ್ಯರಾದರು, ಅದೇ ಕಾಯಿಲೆಯವರಿಗಾಗಿ ಅಲ್ಲಿ ಸಂಸ್ಥೆ ಕಟ್ಟಿದರು.

ಹುಡುಗಿ ನೋಡುವ ಶಾಸ್ತ್ರಕ್ಕೆ ಮೊದಲೇ ಅಜ್ಜಿಯ ಬಳಿ ಕೂತು ಕೇಳಿ: ನಮ್ಮಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡವರು ಯಾರು? ಗಾಯವಾದರೆ ರಕ್ತ ನಿಲ್ಲದವರು, ಹುಟ್ಟಿನಿಂದ ಕಿವಿ ಕೇಳದವರು ಇದ್ದಾರೆಯೇ? ಉತ್ತರವನ್ನು ಡಾಕ್ಟರಿಗೆ ಹೇಳಿ. ಥಲಸ್ಸೀಮಿಯಾ, ಸಿಕಲ್ ಸೆಲ್ ಹೊತ್ತಿದ್ದೀರಾ ಎಂಬುದು ರಕ್ತಪರೀಕ್ಷೆಯಲ್ಲೇ ತಿಳಿಯುತ್ತದೆ. ನಂಟರು ಮುನಿಸಿಕೊಂಡಾರು, ನಾಲ್ಕು ದಿನಕ್ಕೆ ಸರಿಹೋಗುತ್ತಾರೆ. ಜಾತಕ ತೋರಿಸುವ ವಾರದಲ್ಲೇ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ.